ಸಂಪರ್ಕಿತ ಸಾಧನಗಳ ನಿರ್ವಹಣೆಯಲ್ಲಿ ಸಂಸ್ಥೆಗಳ ಮಾಹಿತಿ ತಂತ್ರಜ್ಞಾನ ವಿಭಾಗದ ಪಾತ್ರ

ಪೀಠಿಕೆ

2016ರ ಅಕ್ಟೋಬರ್ 21ರಂದು ಅಮೆರಿಕದಲ್ಲಿ, ವಿಶೇಷವಾಗಿ ಅದರ ಪೂರ್ವ ಕರಾವಳಿಯ ರಾಜ್ಯಗಳಲ್ಲಿ, ಟ್ವಿಟರ್, ನೆಟ್‌ಫ್ಲಿಕ್ಸ್, ರೆಡಿಟ್ ಮೊದಲಾದ ಪ್ರಸಿದ್ಧ ಜಾಲತಾಣಗಳು ಹಲವು ಗಂಟೆಗಳ ಕಾಲ ಬಳಕೆದಾರರಿಗೆ ದೊರೆಯದೆ ಹೋದವು. ಆ ತಾಣಗಳಲ್ಲಿ ಯಾವ ದೋಷವೂ ಇರಲಿಲ್ಲ. ಜಾಲತಾಣದ ಹೆಸರನ್ನು ಅದರ ಅಂಕಿರೂಪದ ವಿಳಾಸಕ್ಕೆ ಹೊಂದಿಸಿಕೊಡುವ ಡೈನ್ ಎಂಬ ಕಂಪನಿಯ ಸರ್ವರುಗಳ ಮೇಲೆ ಅಪಾರ ಸಂಖ್ಯೆಯ ಕೋರಿಕೆಗಳು ಏಕಕಾಲದಲ್ಲಿ ಬಂದೆರಗಿದ್ದೇ ಇದಕ್ಕೆ ಕಾರಣವಾಗಿತ್ತು. ಈ ಕೋರಿಕೆಗಳ ಗಣನೀಯ ಭಾಗವು ಹೊರಟದ್ದು ಕಣ್ಗಾವಲು ಕ್ಯಾಮೆರಾ, ದೃಶ್ಯಮುದ್ರಕ, ರೂಟರ್ ಮುಂತಾದ ಸಣ್ಣಪುಟ್ಟ ಸಾಧನಗಳಿಂದ. ಮಿರಾಯ್ ಎಂಬ ಕುತಂತ್ರಾಂಶವು ತಯಾರಕರು ಇಟ್ಟುಕೊಟ್ಟ ಸುಮಾರು 60 ಜೋಡಿ ಬಳಕೆದಾರ ಹೆಸರು ಮತ್ತು ಗುಪ್ತಪದಗಳನ್ನು ಒಂದೊಂದಾಗಿ ಪ್ರಯೋಗಿಸಿ ಇವುಗಳನ್ನು ವಶಪಡಿಸಿಕೊಂಡಿತ್ತು.

ಈ ಘಟನೆಯಲ್ಲಿ ಗಮನಾರ್ಹವಾದ ಅಂಶವೊಂದಿದೆ. ಮಿರಾಯ್ ಸಾಧನದ ತಾತ್ಕಾಲಿಕ ಸ್ಮೃತಿಯಲ್ಲಿ ಮಾತ್ರ ನೆಲೆಸುತ್ತಿತ್ತು. ವಿದ್ಯುತ್ ಸಂಪರ್ಕ ಕಡಿದು ಮತ್ತೆ ಕೊಟ್ಟರೆ ಅದು ಅಳಿಸಿಹೋಗುತ್ತಿತ್ತು. ಗುಪ್ತಪದವನ್ನು ಬದಲಿಸಿದರೆ ಮರುಸೋಂಕಿನ ದಾರಿಯೂ ಬಹುಮಟ್ಟಿಗೆ ಮುಚ್ಚುತ್ತಿತ್ತು. ಚಿಕಿತ್ಸೆ ಇಷ್ಟು ಸರಳವಾಗಿದ್ದರೂ ಅದನ್ನು ಮಾಡುವವರು ಇರಲಿಲ್ಲ. ಏಕೆಂದರೆ ಈ ಸಾಧನಗಳನ್ನು ತಮ್ಮ ಹೊಣೆಯೆಂದು ಭಾವಿಸಿದವರೇ ವಿರಳ. ಒಡೆತನದ ಈ ಅಸ್ಪಷ್ಟತೆಯೇ ಸಂಪರ್ಕಿತ ಸಾಧನಗಳ ಮೂಲ ಸಮಸ್ಯೆ ಎಂಬ ದೃಷ್ಟಿಯಿಂದ, ಸಂಸ್ಥೆಗಳ ಮಾಹಿತಿ ತಂತ್ರಜ್ಞಾನ ವಿಭಾಗದ ಪಾತ್ರವನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಸಾಧನಗಳ ಸ್ವರೂಪ

'ವಸ್ತುಗಳ ಅಂತರಜಾಲ' ಎಂಬ ಅರ್ಥದ ಇಂಗ್ಲಿಷ್ ಪದಪುಂಜವನ್ನು ಕೆವಿನ್ ಆಷ್ಟನ್ ಅವರು 1999ರಲ್ಲಿ ಬಳಕೆಗೆ ತಂದರು. ಸಂವೇದಕ, ಕ್ಯಾಮೆರಾ, ಮುದ್ರಣಯಂತ್ರ, ಹಾಜರಾತಿಯ ಬೆರಳಚ್ಚು ಯಂತ್ರ, ಹವಾನಿಯಂತ್ರಕ, ಲಿಫ್ಟ್ ಹೀಗೆ ಜಾಲಕ್ಕೆ ಸೇರಿದ ಎಲ್ಲ ಯಂತ್ರಗಳೂ ಇಂದು ಈ ವರ್ಗದಲ್ಲಿ ಬರುತ್ತವೆ.

ಮೇಜಿನ ಮೇಲಿನ ಗಣಕಯಂತ್ರಕ್ಕೂ ಇವುಗಳಿಗೂ ಮೂರು ಮುಖ್ಯ ಭೇದಗಳಿವೆ. ಮೊದಲನೆಯದಾಗಿ, ಗಣಕಯಂತ್ರವನ್ನು ಕೆಲವೇ ವರ್ಷಗಳಲ್ಲಿ ಬದಲಿಸಲಾಗುತ್ತದೆ. ಕಟ್ಟಡದ ಭಾಗವಾದ ಯಂತ್ರವಾದರೋ ದಶಕಕ್ಕೂ ಮೀರಿ ಬಾಳುತ್ತದೆ, ಆದರೆ ಅದರ ತಂತ್ರಾಂಶಕ್ಕೆ ತಯಾರಕರ ಬೆಂಬಲ ಅಷ್ಟು ಕಾಲ ದೊರೆಯುವುದಿಲ್ಲ. ಎರಡನೆಯದಾಗಿ, ಗಣಕಯಂತ್ರದಲ್ಲಿ ಸ್ಥಾಪಿಸುವ ವೈರಸ್ ನಿರೋಧಕ ಹಾಗೂ ಮೇಲ್ವಿಚಾರಣಾ ತಂತ್ರಾಂಶಗಳಿಗೆ ಇಂತಹ ಸಾಧನಗಳಲ್ಲಿ ಸಾಮಾನ್ಯವಾಗಿ ಅವಕಾಶವಿಲ್ಲ. ಮೂರನೆಯದಾಗಿ, ಇವುಗಳ ಖರೀದಿ ಐ.ಟಿ. ವಿಭಾಗದ ಮೂಲಕ ನಡೆಯದಿರುವುದೇ ಹೆಚ್ಚು. ಕ್ಯಾಮೆರಾವನ್ನು ಭದ್ರತಾ ವಿಭಾಗ ಕೊಳ್ಳುತ್ತದೆ, ಹವಾನಿಯಂತ್ರಕವನ್ನು ಕಟ್ಟಡ ನಿರ್ವಹಣಾ ವಿಭಾಗ ಕೊಳ್ಳುತ್ತದೆ, ಜೋಡಿಸುವವರು ಹೊರಗಿನ ಗುತ್ತಿಗೆದಾರರು.

ನಿರ್ವಹಣೆಯ ಹಂತಗಳು

ಐ.ಟಿ. ವಿಭಾಗದ ಪ್ರಥಮ ಕರ್ತವ್ಯ ಸಾಧನಗಳ ದಾಖಲೆವಹಿಯನ್ನು ಸಿದ್ಧಪಡಿಸುವುದು. ಸಾಧನದ ಹೆಸರು, ಸ್ಥಳ, ತಂತ್ರಾಂಶದ ಆವೃತ್ತಿ, ಬೆಂಬಲ ಮುಗಿಯುವ ದಿನಾಂಕ, ಎಲ್ಲಕ್ಕಿಂತ ಮುಖ್ಯವಾಗಿ ಹೊಣೆಗಾರ ಅಧಿಕಾರಿಯ ಹುದ್ದೆ ಅದರಲ್ಲಿ ನಮೂದಾಗಿರಬೇಕು. ಅರಿವಿಗೆ ಬಾರದೆ ಜಾಲಕ್ಕೆ ಸೇರಿದ ಸಾಧನಗಳನ್ನು ಪತ್ತೆಹಚ್ಚಲು ಜಾಲದ ದಟ್ಟಣೆಯೇ ಸುಳಿವು ಕೊಡುತ್ತದೆ. ಈಥರ್‌ನೆಟ್ ಸಾಧನದ 48 ಬಿಟ್‌ಗಳ ಯಂತ್ರವಿಳಾಸದಲ್ಲಿ ಮೊದಲ 24 ಬಿಟ್‌ಗಳು ಸಾಮಾನ್ಯವಾಗಿ ತಯಾರಕರನ್ನು ಸೂಚಿಸುವುದರಿಂದ, ಅಪರಿಚಿತ ಯಂತ್ರವೊಂದು ಯಾವ ಬಗೆಯದೆಂದು ಊಹಿಸಲು ಸಾಧ್ಯ.

ಎರಡನೆಯ ಹಂತ ಜಾಲವಿಭಜನೆ. ಕ್ಯಾಮೆರಾ ತನ್ನ ದೃಶ್ಯಮುದ್ರಕದೊಡನೆ ಮಾತ್ರ ವ್ಯವಹರಿಸಿದರೆ ಸಾಕು. ವೇತನಪಟ್ಟಿಯ ಸರ್ವರಿನೊಡನೆ ಅದಕ್ಕೆ ಯಾವ ಸಂಬಂಧವೂ ಬೇಕಿಲ್ಲ. ಸಾಧನಗಳನ್ನು ಪ್ರತ್ಯೇಕ ಉಪಜಾಲಗಳಲ್ಲಿರಿಸಿ, ಅವಶ್ಯವಾದ ಸಂಪರ್ಕಕ್ಕೆ ಮಾತ್ರ ಅನುಮತಿ ನೀಡಿದಲ್ಲಿ ಒಂದು ಸಾಧನ ವಶವಾದರೂ ಹಾನಿ ಅಲ್ಲಿಗೇ ಸೀಮಿತಗೊಳ್ಳುತ್ತದೆ.

ಮೂರನೆಯದು ಗುಪ್ತಪದಗಳ ಬದಲಾವಣೆ ಹಾಗೂ ತಂತ್ರಾಂಶದ ಪರಿಷ್ಕರಣೆ. ನಾಲ್ಕನೆಯದು ವರ್ತನೆಯ ಮೇಲ್ವಿಚಾರಣೆ. ಮನುಷ್ಯನು ಬಳಸುವ ಗಣಕಯಂತ್ರದ ದಟ್ಟಣೆ ದಿನಕ್ಕೊಂದು ಬಗೆಯಾಗಿದ್ದರೆ ತಾಪಮಾನ ಸಂವೇದಕದ್ದು ಬಹುತೇಕ ಏಕರೂಪವಾಗಿರುತ್ತದೆ. ಅದು ಅಪರಿಚಿತ ವಿಳಾಸವೊಂದಕ್ಕೆ ದತ್ತಾಂಶ ಕಳುಹಿಸತೊಡಗಿದರೆ ತನಿಖೆ ಅಗತ್ಯ. ಕೊನೆಯ ಹಂತ ವಿಲೇವಾರಿ. ಹಳೆಯ ಮುದ್ರಣಯಂತ್ರದ ಹಾರ್ಡ್ ಡಿಸ್ಕಿನಲ್ಲಿ ಕಡತಗಳ ಪ್ರತಿಗಳೂ, ಸಂವೇದಕದಲ್ಲಿ ವೈ-ಫೈ ಗುಪ್ತಪದವೂ ಉಳಿದಿರಬಹುದಾದ್ದರಿಂದ ಗುಜರಿಗೆ ಕೊಡುವ ಮುನ್ನ ಅವನ್ನು ಅಳಿಸಬೇಕು.

ಹೊಣೆ ಮತ್ತು ಅಧಿಕಾರ

ಈ ಹಂತಗಳು ತಾಂತ್ರಿಕವಾಗಿ ಕಠಿಣವಾದವುಗಳಲ್ಲ. ತೊಡಕಿರುವುದು ಅಧಿಕಾರದ ಹಂಚಿಕೆಯಲ್ಲಿ. 2017ರ ಮೇ 12ರಂದು ವಾನ್ನಾಕ್ರೈ ಕುತಂತ್ರಾಂಶವು ಇಂಗ್ಲೆಂಡಿನ ಸಾರ್ವಜನಿಕ ಆಸ್ಪತ್ರೆಗಳನ್ನು ಬಾಧಿಸಿದಾಗ, ಗಣಕಯಂತ್ರಗಳ ಜೊತೆಗೆ ಸುಮಾರು 1,200 ರೋಗಪತ್ತೆ ಉಪಕರಣಗಳೂ ಅದಕ್ಕೆ ಈಡಾದವು. ವಿಂಡೋಸಿನ ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲಿಯೇ ಪರಿಹಾರ ಬಿಡುಗಡೆ ಮಾಡಿತ್ತು. ಆದರೆ ವೈದ್ಯಕೀಯ ಉಪಕರಣದ ತಂತ್ರಾಂಶವನ್ನು ತಯಾರಕರ ಒಪ್ಪಿಗೆಯಿಲ್ಲದೆ ಬದಲಿಸುವುದು ಆಸ್ಪತ್ರೆಯ ಐ.ಟಿ. ಸಿಬ್ಬಂದಿಗೆ ಸಾಮಾನ್ಯವಾಗಿ ಸಾಧ್ಯವಿಲ್ಲ. ರೋಗಿಯ ಸುರಕ್ಷತೆಯ ದೃಷ್ಟಿಯಿಂದ ಆ ನಿರ್ಬಂಧ ಸಕಾರಣವೂ ಹೌದು. ಇಂತಹ ಸಂದರ್ಭಗಳಲ್ಲಿ ಉಪಕರಣವನ್ನು ಉಳಿದ ಜಾಲದಿಂದ ಬೇರ್ಪಡಿಸುವುದೊಂದೇ ವಿಭಾಗದ ಕೈಯಲ್ಲಿರುವ ಉಪಾಯ.

ಗುತ್ತಿಗೆದಾರರ ಪ್ರವೇಶವೂ ಅಷ್ಟೇ ಸೂಕ್ಷ್ಮವಾದುದು. 2013ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ ಸುಮಾರು 4 ಕೋಟಿ ಪಾವತಿ ಕಾರ್ಡುಗಳ ವಿವರ ಕಳುವಾದಾಗ, ಆಕ್ರಮಣಕಾರರು ಒಳನುಗ್ಗಿದ್ದು ಶೈತ್ಯೀಕರಣದ ಗುತ್ತಿಗೆದಾರರೊಬ್ಬರಿಗೆ ನೀಡಿದ್ದ ಪ್ರವೇಶಾಧಿಕಾರವನ್ನು ಕದ್ದು. ಅಲ್ಲಿ ಸೋತದ್ದು ಶೀತಲಯಂತ್ರವಲ್ಲ, ಅದರ ನೆಪದಲ್ಲಿ ತೆರೆದಿಟ್ಟ ಬಾಗಿಲು. ಆದ್ದರಿಂದ ಖರೀದಿಯ ಕರಾರುಪತ್ರ ಸಿದ್ಧವಾಗುವ ಹಂತದಲ್ಲಿಯೇ ಐ.ಟಿ. ವಿಭಾಗದ ಒಪ್ಪಿಗೆ ಕಡ್ಡಾಯವಾಗಬೇಕು. ಪರಿಷ್ಕರಣೆಯನ್ನು ಎಷ್ಟು ವರ್ಷ ಒದಗಿಸಲಾಗುವುದು, ದೂರದಿಂದ ಪ್ರವೇಶಿಸುವವರು ಯಾರು, ದತ್ತಾಂಶ ಎಲ್ಲಿ ಸಂಗ್ರಹವಾಗುವುದು ಎಂಬ ಪ್ರಶ್ನೆಗಳಿಗೆ ಉತ್ತರ ಪಡೆಯಬೇಕಾದದ್ದು ಹಣ ಪಾವತಿಯಾಗುವ ಮುನ್ನ, ಅವಘಡದ ನಂತರವಲ್ಲ.

ಶಾಸನಗಳ ಬೆಂಬಲ

ಈ ದಿಕ್ಕಿನಲ್ಲಿ ಶಾಸನಗಳೂ ಮುಂದಡಿಯಿಟ್ಟಿವೆ. ಎಲ್ಲ ಸಾಧನಗಳಿಗೂ ಒಂದೇ ಗುಪ್ತಪದ ಇಟ್ಟು ಮಾರುವುದನ್ನು ತಡೆಯುವ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2020ರ ಜನವರಿ 1ರಿಂದಲೂ ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದಲೂ ಜಾರಿಗೆ ಬಂದಿತು. ಭಾರತದಲ್ಲಿ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳು, ಸಂಪರ್ಕಿತ ಸಾಧನಗಳ ಮೇಲಿನ ದಾಳಿಯೂ ಸೇರಿದಂತೆ, ಸೈಬರ್ ಘಟನೆಗಳನ್ನು ಅರಿವಿಗೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದೂ, ವ್ಯವಸ್ಥೆಗಳ ಚಟುವಟಿಕೆಯ ದಾಖಲೆಗಳನ್ನು 180 ದಿನ ಕಾಯ್ದಿರಿಸಬೇಕೆಂದೂ ವಿಧಿಸಿದವು. ತನ್ನ ಬಳಿ ಎಷ್ಟು ಸಾಧನಗಳಿವೆಯೆಂದೇ ತಿಳಿಯದ ಸಂಸ್ಥೆಯು ಆ ಅವಧಿಯಲ್ಲಿ ಏನನ್ನು ವರದಿ ಮಾಡಬಲ್ಲದು?

ಉಪಸಂಹಾರ

ಗ್ರಂಥಾಲಯದಲ್ಲಿ ದಾಖಲಾತಿ ವಹಿಗೆ ಏರದ ಪುಸ್ತಕ ಕಪಾಟು ಸೇರುವುದಿಲ್ಲ. ಪುಸ್ತಕ ಕಳೆದುಹೋದರೆ ಯಾರನ್ನು ಕೇಳಬೇಕೆಂಬುದೂ ಅಲ್ಲಿ ಸ್ಪಷ್ಟ. ಅದೇ ಗ್ರಂಥಾಲಯದ ಬಾಗಿಲಲ್ಲಿ ನಿಂತ ಆರ್.ಎಫ್.ಐ.ಡಿ. ದ್ವಾರ, ಮೂಲೆಯ ಕ್ಯಾಮೆರಾ ಹಾಗೂ ಮುದ್ರಣಯಂತ್ರಗಳಿಗೆ ಇಂತಹ ವಹಿಯಿದೆಯೇ ಎಂದು ಕೇಳಿಕೊಂಡರೆ ಸಮಸ್ಯೆಯ ಸ್ವರೂಪ ತಿಳಿಯುತ್ತದೆ. ಯಂತ್ರಗಳನ್ನು ಜಾಲಕ್ಕೆ ಜೋಡಿಸುವುದು ಸುಲಭ. ಪ್ರತಿಯೊಂದು ಯಂತ್ರಕ್ಕೂ ಉತ್ತರದಾಯಿಯೊಬ್ಬರನ್ನು ನಿಗದಿಪಡಿಸುವುದು ಶ್ರಮದ ಕೆಲಸ. ಐ.ಟಿ. ವಿಭಾಗಕ್ಕೆ ಆ ಹೊಣೆಯನ್ನು ವಹಿಸುವ ಆಡಳಿತವು ಅದಕ್ಕೆ ತಕ್ಕ ಅಧಿಕಾರವನ್ನೂ ನೀಡಬೇಕು. ಅಧಿಕಾರವಿಲ್ಲದ ಹೊಣೆ ಅವಘಡದ ದಿನ ದೂಷಣೆಗೆ ಗುರಿಯಾಗುವುದಕ್ಕಷ್ಟೇ ಉಳಿಯುತ್ತದೆ.