ಸಂತೆ, ಸುಂಕ ಮತ್ತು ಪ್ರಭುತ್ವ: ಗೌಡಗೆರೆ ಸೀಮೆಯ ನೆಲೆಯಿಂದ

‘ಅನೌಪಚಾರಿಕ ವಲಯ’ ಎಂಬ ಪರಿಭಾಷೆ ಬಳಕೆಗೆ ಬಂದುದು 1970ರ ದಶಕದ ಆರಂಭದಲ್ಲಿ. ಕೀತ್ ಹಾರ್ಟ್ ಅವರ ಘಾನಾ ಅಧ್ಯಯನ ಹಾಗೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1972ರ ಕೀನ್ಯಾ ವರದಿ ಇದಕ್ಕೆ ಕಾರಣವಾದವು. ವ್ಯವಹಾರವಾದರೋ ಹೆಸರಿಗಿಂತ ಬಹು ಹಳೆಯದು. ಶಿರಾ ತಾಲ್ಲೂಕಿನ ಗೌಡಗೆರೆ ಹೋಬಳಿ ಮತ್ತು ನೆರೆಯ ಮಧುಗಿರಿ, ಕೊರಟಗೆರೆ, ಪಾವಗಡಗಳ ಬಯಲುಸೀಮೆಯಲ್ಲಿ ಕಡಲೆಕಾಯಿ, ಹುಣಸೆಹಣ್ಣು, ಕುರಿ, ಕಂಬಳಿಗಳು ಕೈಬದಲಾಗುವ ವಾರದ ಸಂತೆಯೇ ಅದರ ಜನಪದ ರೂಪ.

ಸಂತೆಗೆ ಬರೆದಿಟ್ಟ ಕಾನೂನಿಲ್ಲ, ಕಟ್ಟಳೆಯಿದೆ. ಹೂವನ್ನು ಮಾರಿನಲ್ಲಿ, ಕಾಳನ್ನು ಸೇರು-ಪಾವುಗಳಲ್ಲಿ ಅಳೆಯುತ್ತಾರೆ. ದನದ ವ್ಯಾಪಾರದಲ್ಲಿ ದಲ್ಲಾಳಿಯು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ತಿಳಿಸುತ್ತಾನೆ. ಸಾಲಕ್ಕೆ ಮಾತೇ ಪತ್ರ. ‘ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ’ ಎಂಬ ಗಾದೆಯು ನೇಕಾರನ ದುಡಿಮೆಯ ಲಯವನ್ನು ಸಂತೆಯ ದಿನವೇ ನಿರ್ಧರಿಸುತ್ತಿದ್ದುದನ್ನು ಸೂಚಿಸುತ್ತದೆ.

ಪ್ರಭುತ್ವವು ಇದಕ್ಕೆ ಮೂರು ಬಗೆಯಲ್ಲಿ ಸ್ಪಂದಿಸಿದೆ. ಮೊದಲನೆಯದು ಸುಂಕ. ಕನ್ನಡ ಶಾಸನಗಳು ಹೆಜ್ಜುಂಕ, ಬಿಲ್ಕೊಡೆಗಳನ್ನು ಉಲ್ಲೇಖಿಸುತ್ತವೆ. ಹೊಸ ಸಂತೆ ಕಟ್ಟುವಾಗ ನೀಡಿದ ಸುಂಕದ ವಿನಾಯಿತಿಯನ್ನೂ ದಾಖಲಿಸುತ್ತವೆ. ಇಂದು ಗ್ರಾಮ ಪಂಚಾಯಿತಿಗಳು ಸಂತೆ ಶುಲ್ಕ ವಸೂಲಿಯ ಹಕ್ಕನ್ನು ಹರಾಜು ಹಾಕುವುದು ಇದೇ ಪರಂಪರೆಯ ಮುಂದುವರಿಕೆ. ಎರಡನೆಯದು ನಿಯಂತ್ರಣ. 1956ರ ತೂಕ ಮತ್ತು ಅಳತೆ ಕಾಯಿದೆಯು ಮೆಟ್ರಿಕ್ ಪದ್ಧತಿಯನ್ನು ತಂದಿತು. ಸೇರು ಕಾನೂನಿನಿಂದ ಮರೆಯಾದರೂ ನಾಲಗೆಯಿಂದ ಮರೆಯಾಗಲಿಲ್ಲ. ಮೂರನೆಯದು ರಕ್ಷಣೆ. ಬೀದಿ ವ್ಯಾಪಾರವು, ಯುಕ್ತ ನಿರ್ಬಂಧಗಳಿಗೆ ಒಳಪಟ್ಟು, ಸಂವಿಧಾನದತ್ತ ವೃತ್ತಿಸ್ವಾತಂತ್ರ್ಯದ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು 1989ರ ಸೋದನ್ ಸಿಂಗ್ ಪ್ರಕರಣದಲ್ಲಿ ಮನ್ನಿಸಿತು. 2014ರ ಬೀದಿ ವ್ಯಾಪಾರಿಗಳ ಕಾಯಿದೆಯು ಸಮೀಕ್ಷೆ ನಡೆಸದೆ ವ್ಯಾಪಾರಿಗಳನ್ನು ಎಬ್ಬಿಸಬಾರದೆಂದಿತು. ಐವತ್ತು ವರ್ಷ ಮೀರಿದ ಸ್ವಾಭಾವಿಕ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆಗಳೆಂದು ಘೋಷಿಸಬೇಕೆಂದೂ ವಿಧಿಸಿತು.

ಆದರೆ ಈ ಕಾಯಿದೆ ನಗರ ಪ್ರದೇಶದ ವ್ಯಾಪಾರಿಗಳಿಗೆ ಸೀಮಿತ. ಒಬ್ಬಳೇ ಸೊಪ್ಪಿನವಳು ಶಿರಾ ಪಟ್ಟಣದ ಬೀದಿಯಲ್ಲಿ ಕುಳಿತ ದಿನ ಹಕ್ಕುದಾರಳು. ಹಳ್ಳಿಯ ಸಂತೆಯಲ್ಲಿ ಕುಳಿತ ದಿನ ಬರಿಯ ಶುಲ್ಕ ತೆರುವವಳು. ಎರಡೂ ಕಡೆ ಅವಳ ಬುಟ್ಟಿಯೂ ಬಿಸಿಲೂ ಒಂದೇ.

ಇಲ್ಲಿ ಜಾನಪದ ವಿದ್ವಾಂಸರ ಹೊಣೆಯೂ ಇದೆ. ಐವತ್ತು ವರ್ಷಗಳ ಹಳಮೆಯನ್ನು ಸಾಬೀತುಪಡಿಸಬಲ್ಲ ಕಾಗದ ಸಂತೆಯವರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹಿರಿಯರ ನೆನಪು, ಗಾದೆ, ಸಂತೇಬೆನ್ನೂರು, ಸಂತೇಮರಹಳ್ಳಿಗಳಂಥ ಊರ ಹೆಸರುಗಳೇ ಅವರ ಕಡತ. ಅವನ್ನು ಕ್ರಮಬದ್ಧವಾಗಿ ದಾಖಲಿಸಿದಲ್ಲಿ ನಮ್ಮ ಕ್ಷೇತ್ರಕಾರ್ಯವು ಸಂತೆಯ ನೆಲವನ್ನು ಉಳಿಸಿಕೊಳ್ಳುವ ಸಾಕ್ಷ್ಯವೂ ಆಗಬಲ್ಲದು.