ಮುಕ್ತ ತಂತ್ರಾಂಶದ ಬಿಡುಗಡೆಯಲ್ಲಿ ಕಾಲನಿಯಮ: ನಕಾರ ಪೊಲ್ಲಿನ ನಿದರ್ಶನ

ಓಲೆಗರಿಯ ಪ್ರತಿಗಳ ಅಂತ್ಯದಲ್ಲಿ ಲಿಪಿಕಾರನು ಸಂವತ್ಸರ, ಮಾಸ, ತಿಥಿಗಳನ್ನು ನಮೂದಿಸುವ ರೂಢಿಯುಂಟು. ಅಲ್ಲಿ ಕಾರ್ಯವು ಮುಗಿದ ಬಳಿಕ ಕಾಲವು ನಮೂದಾಗುತ್ತದೆ. ಮುಕ್ತ ತಂತ್ರಾಂಶಗಳಲ್ಲಿ ಅನೇಕವು ಇದಕ್ಕೆ ವಿಪರೀತವಾದ ಕ್ರಮವನ್ನು ಅಂಗೀಕರಿಸಿವೆ. ಮೊದಲು ದಿನವು ಗೊತ್ತಾಗುತ್ತದೆ. ಆ ದಿನಕ್ಕೆ ಸಿದ್ಧವಾದುದಷ್ಟೇ ಹೊರಬರುತ್ತದೆ. ಉಳಿದುದು ಮುಂದಿನ ಬಿಡುಗಡೆಗೆ ಕಾಯುತ್ತದೆ. ಹಸ್ತಪ್ರತಿಗಳ ಅಭ್ಯಾಸಿಗಳಿಗೆ ಈ ಕ್ರಮದಿಂದಾಗುವ ಪ್ರಯೋಜನವನ್ನು ಇಲ್ಲಿ ವಿಚಾರಿಸಲಾಗಿದೆ.

ಸಿದ್ಧವಾದಾಗ ಬಿಡುಗಡೆ ಎಂಬುದು ಹಳೆಯ ನಿಯಮ. ಅದನ್ನು ಅನುಸರಿಸಿದ ಡೆಬಿಯನ್ ವ್ಯವಸ್ಥೆಯಲ್ಲಿ 2002ರ ಜುಲೈ ಆವೃತ್ತಿಯ ಬಳಿಕ ಮುಂದಿನದು ಹೊರಬಂದುದು 2005ರ ಜೂನಿನಲ್ಲಿ. ಮುಂದಿನ ದಿನವು ತಿಳಿಯದಿದ್ದರೆ ಪ್ರತಿಯೊಬ್ಬ ಕಾರ್ಯಕರ್ತನೂ ತನ್ನ ಭಾಗವು ಈಗಲೇ ಸೇರಬೇಕೆಂದು ಬಯಸುವನು. ಎಲ್ಲರಿಗಾಗಿ ಎಲ್ಲರೂ ಕಾಯಬೇಕಾಗುವುದು. ಕನ್ನಡದಲ್ಲಿಯೂ ದೊರೆಯುವ ಲಿಬ್ರೆಆಫೀಸ್ ಆರು ತಿಂಗಳಿಗೊಮ್ಮೆ ಹೊರಬರುವುದರಿಂದ ಅಲ್ಲಿ ತಪ್ಪಿಹೋದ ಕೆಲಸಕ್ಕೆ ಆರು ತಿಂಗಳಷ್ಟೇ ನಷ್ಟ. 2024ರಿಂದ ಅದರ ಸಂಖ್ಯೆಯೇ ಕಾಲಸೂಚಕವಾಗಿದೆ: 24.8 ಎಂದರೆ 2024ರ ಆಗಸ್ಟ್.

ಇಂತಹ ವೇಳಾಪಟ್ಟಿಯನ್ನು ಬಿಡುಗಡೆಯ ದಿನದಿಂದ ಹಿಂದಕ್ಕೆ ಎಣಿಸುತ್ತ ರಚಿಸುವರು. ಮೊದಲನೆಯ ಗಡುವಿನ ಬಳಿಕ ಹೊಸ ಸೌಲಭ್ಯಗಳಿಗೆ ಪ್ರವೇಶವಿಲ್ಲ. ಎರಡನೆಯದರ ಬಳಿಕ ಪರದೆಯ ಮೇಲಿನ ವಾಕ್ಯಗಳನ್ನು ಬದಲಿಸುವಂತಿಲ್ಲ. ಅನುವಾದಕರಿಗೆ ದೊರೆಯುವ ಅವಕಾಶವು ಇದೇ. ಕೊನೆಯ ವಾರಗಳು ಪರೀಕ್ಷೆಗೂ ದೋಷಪರಿಹಾರಕ್ಕೂ ಮೀಸಲು.

ಸ್ವರರಹಿತ ನಕಾರಕ್ಕೆ ಹಳಗನ್ನಡ ಬರಹದಲ್ಲಿ ಬಳಸುತ್ತಿದ್ದ ನಕಾರ ಪೊಲ್ಲು (ೝ) ಇದಕ್ಕೆ ತಕ್ಕ ನಿದರ್ಶನ. ಅಕ್ಷರಗಳ ಸಂಕೇತಸೂಚಿಯಾದ ಯೂನಿಕೋಡಿನ 14ನೆಯ ಆವೃತ್ತಿಯಲ್ಲಿ ಅದು ಸೇರಿತು. ಆ ಆವೃತ್ತಿಯು 2021ರ ಮಾರ್ಚಿನಲ್ಲಿ ಬರಬೇಕಿತ್ತು. ಕೋವಿಡ್ ಪಿಡುಗಿನ ಕಾರಣ ಅದನ್ನು ಸೆಪ್ಟೆಂಬರಿಗೆ ಮುಂದೂಡಿರುವುದಾಗಿ 2020ರ ಏಪ್ರಿಲಿನಲ್ಲಿಯೇ ಪ್ರಕಟಿಸಲಾಯಿತು. ಹೇಳಿದ ತಿಂಗಳಿನಲ್ಲಿಯೇ ಅದು ಬಂದಿತು. ಯೂನಿಕೋಡನ್ನು ಆಧರಿಸಿದ ಐಸಿಯು ಎಂಬ ಮುಕ್ತ ತಂತ್ರಾಂಶವು ಮರುತಿಂಗಳೇ ತನ್ನ 70ನೆಯ ಆವೃತ್ತಿಯಲ್ಲಿ ಆ ಸೇರ್ಪಡೆಗಳನ್ನು ಅಳವಡಿಸಿಕೊಂಡಿತು. ವಿಳಂಬವಾದರೂ ಅವಲಂಬಿಗಳಿಗೆ ತೊಡಕಾಗದಂತೆ ಕಾದುದು ಮುಂಚಿತವಾಗಿ ಸಾರಿದ ದಿನವೇ. ಆಳಂದ ತಾಲೂಕಿನ ಹಿರೋಳ್ಳಿಯಲ್ಲಿ ಕುಳಿತು ಹಳೆಯ ಪ್ರತಿಯೊಂದನ್ನು ಗಣಕಕ್ಕೆ ಇಳಿಸುವವರಿಗೆ ಅಕ್ಷರವು ತಲುಪಬೇಕಾದರೆ ಸಂಕೇತ, ತಂತ್ರಾಂಶ, ಅಕ್ಷರಶೈಲಿ, ಕೀಲಿಮಣೆ ಇವಿಷ್ಟೂ ಒಂದರ ಹಿಂದೊಂದು ಸಿದ್ಧವಾಗಬೇಕಷ್ಟೆ.

ಆದರೆ ದಿನವನ್ನು ಪಾಲಿಸುವ ನೆಪದಲ್ಲಿ ಪರಿಶೀಲನೆಯನ್ನು ಕೈಬಿಡಲಾಗದು. ಹಳಗನ್ನಡದ ೞಕಾರಕ್ಕೆ ಯೂನಿಕೋಡಿನಲ್ಲಿ 'ಫ' ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಪ್ರಕಟವಾದ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಸರಿಯಾದ ಹೆಸರು ಉಪನಾಮವಾಗಿ ಮಾತ್ರ ಸೇರಿದೆ. ಲಿಪಿಕಾರನ ಸ್ಖಾಲಿತ್ಯವು ಒಂದು ಪ್ರತಿಯಿಂದ ಮುಂದಿನ ಪ್ರತಿಗಳಿಗೆ ಇಳಿದುಬರುವಂತೆ ಇದೂ ಉಳಿದಿದೆ. ಆದುದರಿಂದ ಸಂದೇಹವಿರುವುದನ್ನು ಮುಂದಿನ ಬಿಡುಗಡೆಗೆ ಉಳಿಸುವುದೇ ಯುಕ್ತ. ಆ ಮುಂದಿನ ದಿನವು ಎಲ್ಲರಿಗೂ ಮೊದಲೇ ತಿಳಿದಿದ್ದರೆ ಮಾತ್ರ ಹಾಗೆ ಉಳಿಸಲು ಮನಸ್ಸು ಒಪ್ಪುತ್ತದೆ. ಕಾಲನಿಯಮದ ನಿಜವಾದ ಫಲವು ವೇಗವಲ್ಲ, ಈ ತಾಳ್ಮೆಯೇ ಆಗಿದೆ.