ಬಲಗಾಲಿನಲ್ಲಿದೆ ಮೈಲೇಜು

1956ರ ಜುಲೈನಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸೆರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಅದರ ಬೆನ್ನಿಗೇ ಯುದ್ಧವಾಗಿ ಕಾಲುವೆ ಮುಚ್ಚಿತು. ವರ್ಷದ ಕೊನೆಯ ಹೊತ್ತಿಗೆ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಪಡಿತರ ಬಂತು. ಆಗ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಮುಖ್ಯಸ್ಥರಾಗಿದ್ದ ಲೆನರ್ಡ್ ಲಾರ್ಡ್, ಅಲೆಕ್ ಇಸ್ಸಿಗೊನಿಸ್ ಎಂಬ ಇಂಜಿನಿಯರಿಗೆ ಒಂದು ಕೆಲಸ ಒಪ್ಪಿಸಿದರು: ನಾಲ್ಕು ಜನ ಕೂರಬೇಕು, ಪೆಟ್ರೋಲ್ ಕಡಿಮೆ ಕುಡಿಯಬೇಕು, ಅಂಥ ಪುಟ್ಟ ಕಾರು ಬೇಕು. 1959ರ ಆಗಸ್ಟ್‌ನಲ್ಲಿ ರಸ್ತೆಗಿಳಿದ ‘ಮಿನಿ’ ಹತ್ತೇ ಅಡಿ ಉದ್ದವಿತ್ತು. ಇಂಜಿನ್ 848 ಸಿ.ಸಿ. ಜಾಗ ಉಳಿಸಲು ಇಸ್ಸಿಗೊನಿಸ್ ಇಂಜಿನನ್ನು ಅಡ್ಡಲಾಗಿ ಕೂರಿಸಿ, ಶಕ್ತಿಯನ್ನು ಮುಂದಿನ ಚಕ್ರಗಳಿಗೇ ಕೊಟ್ಟಿದ್ದರು.

ಮುಂದೆ ಆದದ್ದೇ ಸ್ವಾರಸ್ಯ. ರೇಸ್ ಕಾರುಗಳನ್ನು ಕಟ್ಟುತ್ತಿದ್ದ ಜಾನ್ ಕೂಪರ್ ಅವರ ಕಣ್ಣು ಈ ಪುಟಾಣಿಯ ಮೇಲೆ ಬಿತ್ತು. 1961ರಲ್ಲಿ ಹೆಚ್ಚು ಶಕ್ತಿಯ ‘ಮಿನಿ ಕೂಪರ್’ ಬಂತು. 1964ರಲ್ಲಿ ಅದು ಮಾಂಟೆ ಕಾರ್ಲೊ ರ‍್ಯಾಲಿಯನ್ನೇ ಗೆದ್ದಿತು. ಮಿತವ್ಯಯಕ್ಕೆಂದು ಹುಟ್ಟಿದ ಕೂಸು ಓಟಗಾರನಾಗಿ ಬೆಳೆದಿತ್ತು!

ನಮ್ಮಲ್ಲಿ 1983ರಲ್ಲಿ ಬಂದ ಮಾರುತಿ 800 ಆಗಲಿ, 2005ರಲ್ಲಿ ಬಂದು ಕಾಲೇಜು ಹುಡುಗರ ಮನಗೆದ್ದ ಸ್ವಿಫ್ಟ್ ಆಗಲಿ, ಅಡ್ಡ ಇಂಜಿನ್, ಮುಂಚಕ್ರ ಚಾಲನೆಯ ಇದೇ ದಾರಿಯವು. ಇಂಥ ಚೂಟಿ ಕಾರುಗಳಲ್ಲಿ ಉಳಿತಾಯದ ಗುಣವೂ ಇದೆ, ಓಟದ ಗುಣವೂ ಇದೆ. ಯಾವುದು ಹೊರಬರುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಚಾಲಕನ ಬಲಗಾಲು. ಒಂದೇ ಮನೆಯ ಒಂದೇ ಕಾರು ಅಪ್ಪನ ಕೈಯಲ್ಲಿ ಲೀಟರಿಗೆ 16 ಕಿಲೋಮೀಟರ್, ಮಗನ ಕೈಯಲ್ಲಿ 13 ಓಡುವುದು ಅಪರೂಪವೇನಲ್ಲ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವ ಮನೆಯಲ್ಲಿ ಈ ವ್ಯತ್ಯಾಸ 14 ಲೀಟರಿಗೂ ಮಿಕ್ಕುತ್ತದೆ. ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 17 ಸಾವಿರ ರೂಪಾಯಿ. ಮಧ್ಯಮ ವರ್ಗದ ಮನೆಗೆ ಇದು ಸಣ್ಣ ಮೊತ್ತವಲ್ಲ.

ಕಾರು ಪೆಟ್ರೋಲ್ ಕುಡಿಯುವುದು ವೇಗವಾಗಿ ಹೋದಾಗ ಎಂದೇ ಹಲವರ ಎಣಿಕೆ. ಊರೊಳಗೆ ಓಡಿಸುವವರ ಮಟ್ಟಿಗೆ ಇದು ಅರ್ಧ ಸತ್ಯ. ಅಲ್ಲಿ ನಿಜವಾದ ಕಳ್ಳ ಬ್ರೇಕು.

ಒಂಬತ್ತನೆಯ ತರಗತಿಯಲ್ಲೇ ಬರುವ ಚಲನಶಕ್ತಿಯ ಸೂತ್ರವನ್ನು ನೆನಪಿಸಿಕೊಳ್ಳಿ: ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಬೇಕು. ಚಾಲಕನೂ ಸೇರಿ ಕಾರಿನ ತೂಕ 1000 ಕಿಲೋಗ್ರಾಂ ಎಂದುಕೊಳ್ಳೋಣ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ 16.7 ಮೀಟರ್. ಆಗ ಕಾರಿನಲ್ಲಿರುವ ಚಲನಶಕ್ತಿ ಸುಮಾರು 1 ಲಕ್ಷ 39 ಸಾವಿರ ಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸರಿಸುಮಾರು 3 ಕೋಟಿ ಜೂಲ್ ಶಕ್ತಿ ಇದೆ. ಆದರೆ ಅದರ ಬಹುಪಾಲು ರೇಡಿಯೇಟರಿನಲ್ಲೂ ಹೊಗೆಕೊಳವೆಯಲ್ಲೂ ಶಾಖವಾಗಿ ಹೋಗಿಬಿಡುತ್ತದೆ. ಚಕ್ರಕ್ಕೆ ಕಾಲುಭಾಗ ದಕ್ಕಿತೆಂದರೆ 75 ಲಕ್ಷ ಜೂಲ್. ಭಾಗಿಸಿ ನೋಡಿ: ನಿಂತ ಕಾರನ್ನು ಒಮ್ಮೆ 60ರ ವೇಗಕ್ಕೆ ಏರಿಸಲು ಸುಮಾರು 18 ಮಿಲಿಲೀಟರ್ ಪೆಟ್ರೋಲ್ ಬೇಕು.

ಮುಂದೆ ಕೆಂಪು ದೀಪ ಕಂಡು ಬ್ರೇಕು ತುಳಿದಿರಿ. ಆ 18 ಮಿಲಿಲೀಟರಿನ ಫಲವೆಲ್ಲ ಬ್ರೇಕಿನ ತಟ್ಟೆಗಳನ್ನು ಬಿಸಿಮಾಡಿ ಗಾಳಿಗೆ ಹೋಯಿತು. ಅಷ್ಟು ಪೆಟ್ರೋಲಿನಲ್ಲಿ ಕಾರು ಸಮವೇಗದಲ್ಲಿ ಮುನ್ನೂರು ಮೀಟರ್‌ನಷ್ಟು ಓಡಬಹುದಿತ್ತು. ಇಂಥ ನಿಲುಗಡೆ ಐವತ್ತನಾಲ್ಕು ಆದರೆ ಒಂದು ಲೀಟರ್ ಖಾಲಿ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ದಿನಾ ಓಡಾಡುವವರಿಗೆ ಐವತ್ತನಾಲ್ಕು ಎಂಬುದು ಎಷ್ಟು ದಿನದ ಮಾತೆಂದು ಹೇಳಬೇಕಿಲ್ಲ. ವೇಗ ಅರ್ಧವಾದರೆ, ಅಂದರೆ 30ಕ್ಕೆ ಇಳಿದರೆ, ನಷ್ಟ ಕಾಲುಭಾಗಕ್ಕೆ ಇಳಿಯುತ್ತದೆ. ವರ್ಗದ ಮಹಿಮೆ ಅದು.

ಆದ್ದರಿಂದ ಜಾಣ ಚಾಲಕ ನೋಡುವುದು ಮುಂದಿನ ಕಾರಿನ ಹಿಂಭಾಗವನ್ನಲ್ಲ, ಅದರಾಚೆ ಇನ್ನೂರು ಮೀಟರ್ ದೂರವನ್ನು. ಅಲ್ಲಿ ದೀಪ ಕೆಂಪಾಗಿದ್ದರೆ ಈಗಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಾನೆ. ಕಾರು ತಾನಾಗಿ ನಿಧಾನವಾಗುತ್ತ ಹೋಗುತ್ತದೆ. ಹತ್ತಿರ ಹೋಗುವಷ್ಟರಲ್ಲಿ ಎಷ್ಟೋ ಸಲ ದೀಪ ಹಸಿರಾಗಿರುತ್ತದೆ. ಪಕ್ಕದಲ್ಲಿ ಭರ್ರನೆ ನುಗ್ಗಿ ಹೋದ ಹುಡುಗ ಅದೇ ದೀಪದಲ್ಲಿ ಸಿಗುತ್ತಾನೆ. ಮುಂದಿನ ವಾಹನದಿಂದ ಅಂತರ ಬಿಡುವುದೂ ಇದೇ ಕಾರಣಕ್ಕೆ. ಅಂತರವಿದ್ದರೆ ಪದೇ ಪದೇ ಬ್ರೇಕು ಒತ್ತಬೇಕಿಲ್ಲ. ನಾಯಿಯೋ ಮಗುವೋ ಅಡ್ಡ ಬಂದಾಗ ನಿಲ್ಲಲು ಜಾಗವೂ ಇರುತ್ತದೆ.

ಇನ್ನು ಗೇರಿನ ವಿಷಯ. ಇಲ್ಲಿ ಒಂದು ತಪ್ಪು ಕಲ್ಪನೆ ಬೇರೂರಿದೆ. ಉಳಿತಾಯವೆಂದರೆ ಆಕ್ಸಿಲರೇಟರನ್ನು ಹೆದರಿ ಹೆದರಿ ಮುಟ್ಟುವುದು ಎಂದು ಕೆಲವರು ಎರಡನೆಯ ಗೇರಿನಲ್ಲೇ ಅರ್ಧ ಕಿಲೋಮೀಟರ್ ಹೋಗುತ್ತಾರೆ. ಸಾಮಾನ್ಯ ಪೆಟ್ರೋಲ್ ಇಂಜಿನಿನಲ್ಲಿ ಆಕ್ಸಿಲರೇಟರ್ ಹತೋಟಿಯಲ್ಲಿಡುವುದು ಒಳಗೆ ಹೋಗುವ ಗಾಳಿಯನ್ನು. ಗಾಳಿಯ ದಾರಿಯಲ್ಲಿ ಒಂದು ಪುಟ್ಟ ಬಾಗಿಲಿದೆ. ಕಾಲು ಹಗುರವಾಗಿದ್ದಾಗ ಅದು ಹೆಚ್ಚು ಕಡಿಮೆ ಮುಚ್ಚಿಯೇ ಇರುತ್ತದೆ. ಪಿಸ್ಟನ್ನುಗಳು ಆ ಸಂದಿಯಿಂದಲೇ ಗಾಳಿ ಎಳೆಯಬೇಕು. ತೀರ ಸಣ್ಣ ಸ್ಟ್ರಾ ಹಾಕಿ ಎಳನೀರು ಹೀರಿದವರಿಗೆ ಆ ಶ್ರಮ ಗೊತ್ತು. ಆ ಶ್ರಮಕ್ಕೂ ಖರ್ಚಾಗುವುದು ಪೆಟ್ರೋಲೇ. ಜೊತೆಗೆ ಇಂಜಿನಿನ ಪ್ರತಿ ಸುತ್ತಿನಲ್ಲೂ ಒಳಗಿನ ಭಾಗಗಳು ಒಂದಕ್ಕೊಂದು ಉಜ್ಜಿ ಶಕ್ತಿ ಸೋರುತ್ತದೆ. ಸ್ವಿಫ್ಟಿನಂಥ ಕಾರು 60ರ ವೇಗದಲ್ಲಿ ಮೂರನೆಯ ಗೇರಿನಲ್ಲಿದ್ದರೆ ಇಂಜಿನ್ ನಿಮಿಷಕ್ಕೆ ಮೂರು ಸಾವಿರದ ಆಸುಪಾಸು ಸುತ್ತುತ್ತದೆ. ಐದನೆಯದರಲ್ಲಿ ಎರಡು ಸಾವಿರಕ್ಕೂ ಕಡಿಮೆ.

ಹಾಗಾಗಿ ಮಾಡಬೇಕಾದ್ದು ಇಷ್ಟು: ಹೊರಡುವಾಗ ಹಿತಮಿತವಾಗಿ, ಆದರೆ ಅಳುಕದೆ ಒತ್ತಿ, ಸುತ್ತು ಎರಡರಿಂದ ಎರಡೂವರೆ ಸಾವಿರ ಮುಟ್ಟುತ್ತಲೇ ಮೇಲಿನ ಗೇರಿಗೆ ಹೋಗಿ, ಬೇಕಾದ ವೇಗ ಬಂದ ಮೇಲೆ ಕಾಲನ್ನು ಸಡಿಲಿಸಿ ಅದೇ ವೇಗ ಕಾಯ್ದುಕೊಳ್ಳಿ. ಚಡಾವು ಬಂದು ಇಂಜಿನ್ ನಡುಗತೊಡಗಿದರೆ ಗೇರು ಇಳಿಸಲೇಬೇಕು. ಅಲ್ಲಿ ಜಿಪುಣತನ ಮಾಡಿದರೆ ಇಂಜಿನ್ನಿಗೇ ಪೆಟ್ಟು.

ಘಾಟಿ ಇಳಿಯುವಾಗ ಗೇರು ತಪ್ಪಿಸಿ ನ್ಯೂಟ್ರಲ್‌ನಲ್ಲಿ ಬಿಡುವ ಚಟ ಅನೇಕರಿಗಿದೆ. ಇನ್ನೂ ಧೈರ್ಯವಂತರು ಕೀಲಿಯನ್ನೇ ತಿರುಗಿಸಿಬಿಡುತ್ತಾರೆ. ಕಾರ್ಬ್ಯುರೇಟರ್ ಕಾಲದಲ್ಲಿ ಹೀಗೆ ನಾಲ್ಕು ಹನಿ ಉಳಿಯುತ್ತಿತ್ತೇನೋ. ಪ್ರಾಣಾಪಾಯ ಆಗಲೂ ಇತ್ತು. ಈಗಿನ ಇಂಜೆಕ್ಷನ್ ಇಂಜಿನ್ನುಗಳಲ್ಲಿ ಲೆಕ್ಕವೇ ತಿರುಗುಮುರುಗು. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆದರೆ, ಚಕ್ರಗಳೇ ಇಂಜಿನನ್ನು ತಿರುಗಿಸುತ್ತಿವೆ ಎಂದು ಕಾರಿನ ಕಂಪ್ಯೂಟರಿಗೆ ತಿಳಿಯುತ್ತದೆ. ಆಗ ಅದು ಪೆಟ್ರೋಲ್ ಸಿಂಪಡಿಸುವುದನ್ನೇ ನಿಲ್ಲಿಸುತ್ತದೆ. ಖರ್ಚು ಸೊನ್ನೆ! ನ್ಯೂಟ್ರಲ್‌ಗೆ ತಂದಿರೋ, ಇಂಜಿನ್ ಆರದಂತೆ ನೋಡಿಕೊಳ್ಳಲು ಮತ್ತೆ ಪೆಟ್ರೋಲ್ ಬೇಕು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವವರು ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಇಳಿದರೆ ಪೆಟ್ರೋಲೂ ಉಳಿಯಿತು, ಬ್ರೇಕೂ ಕಾಯದೆ ಉಳಿಯಿತು. ಕೀಲಿ ತಿರುಗಿಸಿದರಂತೂ ಬ್ರೇಕಿಗೆ ನೆರವಾಗುವ ನಿರ್ವಾತ ಎರಡು ಮೂರು ಸಲ ತುಳಿಯುವುದರಲ್ಲಿ ಮುಗಿಯುತ್ತದೆ, ಸ್ಟೀರಿಂಗ್ ಬಿಗಿಯಾಗುತ್ತದೆ. ಕೀಲಿ ಕಿತ್ತರೆ ಸ್ಟೀರಿಂಗಿಗೆ ಬೀಗವೇ ಬೀಳಬಹುದು. ಮಕ್ಕಳಿಗೆ ಕಾರು ಕಲಿಸುವ ತಂದೆ ತಾಯಂದಿರು ಬೇರೆಲ್ಲ ಬಿಟ್ಟರೂ ಇದೊಂದನ್ನು ಹೇಳಿಕೊಡದೆ ಕೀಲಿ ಕೊಡಬಾರದು.

ಹೆದ್ದಾರಿಗೆ ಬಂದರೆ ಎದುರಾಳಿ ಬ್ರೇಕಲ್ಲ, ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಸಣ್ಣ ಕಾರೊಂದಕ್ಕೆ 80ರ ವೇಗದಲ್ಲಿ ಗಾಳಿ ಒಡ್ಡುವ ತಡೆ ಸುಮಾರು 200 ನ್ಯೂಟನ್; 100ರಲ್ಲಿ 310; 120ರಲ್ಲಿ 450. ಟೈರಿನ ಉರುಳು ತಡೆ 120 ನ್ಯೂಟನ್ನಿನ ಹತ್ತಿರ, ಅದು ವೇಗದೊಂದಿಗೆ ಅಷ್ಟಾಗಿ ಬದಲಾಗದು. ಎರಡೂ ಕೂಡಿದರೆ, 80ಕ್ಕಿಂತ 100ರಲ್ಲಿ ಪ್ರತಿ ಕಿಲೋಮೀಟರಿಗೆ ಮೂರನೆಯ ಒಂದರಷ್ಟು ಹೆಚ್ಚು ಕೆಲಸ. ಹೆಚ್ಚು ಹೊರೆಯಲ್ಲಿ ಇಂಜಿನ್ ಸ್ವಲ್ಪ ದಕ್ಷವಾಗುವುದರಿಂದ ಪೆಟ್ರೋಲ್ ಅದೇ ಪ್ರಮಾಣದಲ್ಲಿ ಏರುವುದಿಲ್ಲ, ಆದರೆ ಏರುವುದು ಖಂಡಿತ. 1973ರ ತೈಲ ಬಿಕ್ಕಟ್ಟಿನ ಬಳಿಕ ಅಮೆರಿಕ 1974ರಲ್ಲಿ ದೇಶಕ್ಕೆಲ್ಲ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿ.ಮೀ. ವೇಗಮಿತಿ ಹಾಕಿದ್ದು ಇದೇ ಭೌತಶಾಸ್ತ್ರವನ್ನು ನಂಬಿ. ಆ ಕಾನೂನು 1995ರವರೆಗೆ ಇತ್ತು.

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ದ ಸುಮಾರು 118 ಕಿ.ಮೀ. ಸತತ 80ರಲ್ಲಿ ಹೋದರೆ 88 ನಿಮಿಷ, 100ರಲ್ಲಿ 71. ಉಳಿಯುವುದು ಹದಿನೇಳೇ ನಿಮಿಷ. ಅದೂ ಕೆಂಗೇರಿ ದಾಟುವಷ್ಟರಲ್ಲಿ ಕರಗಿಹೋಗುವುದು ಬೇರೆ ಮಾತು. 120ರ ಹುಚ್ಚಿಗೆ ಬಿದ್ದರೆ ಕಾನೂನು ಮುರಿದಂತೆ. ಡಿಕ್ಕಿಯಾದರೆ ಮೈಮೇಲೆ ಬರುವ ಶಕ್ತಿ 80ಕ್ಕಿಂತ ಎರಡೂಕಾಲು ಪಟ್ಟು.

ಸಣ್ಣಪುಟ್ಟ ಸಂಗತಿಗಳು ಕೆಲವಿವೆ. ಬಾಗಿಲ ಬಳಿ ಅಂಟಿಸಿರುವ ಚೀಟಿಯಲ್ಲಿ ಹೇಳಿದಷ್ಟು ಗಾಳಿ ಟೈರಿನಲ್ಲಿರಬೇಕು, ಅದನ್ನು ಟೈರು ತಣ್ಣಗಿರುವಾಗ ನೋಡಬೇಕು. ಅಂದಕ್ಕೆಂದು ಅಗಲ ಟೈರು ಹಾಕಿಸುವ ಷೋಕಿಗೆ ಸಾಮಾನ್ಯವಾಗಿ ಮೈಲೇಜು ಬೆಲೆ ತೆರುತ್ತದೆ. ನಿಂತಲ್ಲೇ ಉರಿಯುವ ಸಣ್ಣ ಇಂಜಿನ್ ನಿಮಿಷಕ್ಕೆ ಹತ್ತು ಮಿಲಿಲೀಟರಿನಷ್ಟು ನುಂಗುತ್ತದೆ. ರೈಲ್ವೆ ಗೇಟಿನಲ್ಲಿ, ಶಾಲೆಯ ಮುಂದೆ ಕಾಯುವಾಗ ಆರಿಸುವುದು ಮೇಲು. ಅರ್ಧ ಕಿಲೋಮೀಟರಿನ ಹಾಲಿನ ಬೂತಿಗೆ ಕಾರೇ ಬೇಡ. ತಣ್ಣನೆಯ ಇಂಜಿನ್ ಕುಡಿಯುವುದು ಎಲ್ಲಕ್ಕಿಂತ ಹೆಚ್ಚು.

ವಿದ್ಯಾರ್ಥಿಗಳಿಗೆ ಇದರಲ್ಲಿ ಒಂದು ಒಳ್ಳೆಯ ಪ್ರಯೋಗವಿದೆ. ಟ್ಯಾಂಕು ತುಂಬಿಸಿ, ಪಂಪಿನ ನಳಿಕೆ ತಾನಾಗಿ ಕಟ್ಟೆಂದಾಗ ನಿಲ್ಲಿಸಿ, ಕಿಲೋಮೀಟರ್ ಬರೆದುಕೊಳ್ಳಿ. ಮುನ್ನೂರು, ನಾನೂರು ಕಿಲೋಮೀಟರ್ ಓಡಿದ ಮೇಲೆ ಅದೇ ಬಂಕಿನಲ್ಲಿ, ಸಾಧ್ಯವಾದರೆ ಅದೇ ಪಂಪಿನಲ್ಲಿ, ಮತ್ತೆ ಹಾಗೆಯೇ ತುಂಬಿಸಿ. ಓಡಿದ ದೂರವನ್ನು ಈಗ ಹಾಕಿಸಿದ ಲೀಟರಿನಿಂದ ಭಾಗಿಸಿದರೆ ಆಯಿತು. ಮೊದಲ ಮೂರು ಸಲ ಅಪ್ಪ ಅಮ್ಮಂದಿರಿಗೆ ಏನೂ ಹೇಳದೆ ಲೆಕ್ಕ ಇಡಿ; ಮುಂದಿನ ಮೂರು ಸಲ ಮೇಲೆ ಹೇಳಿದಂತೆ ಓಡಿಸಲು ಹೇಳಿ. ಒಂದೇ ಸಲದ ಅಂಕಿಯನ್ನು ನಂಬಬಾರದು, ಮಳೆ, ಏ.ಸಿ., ಊರಿಗೆ ಹೋದ ಸಾಮಾನು ಎಲ್ಲವೂ ಅದರಲ್ಲಿ ಸೇರಿರುತ್ತವೆ. ಅವನ್ನೂ ಪುಸ್ತಕದಲ್ಲಿ ಪಕ್ಕಕ್ಕೊಂದು ಅಂಕಣ ಎಳೆದು ಬರೆದಿಡಿ.